ಸೈಕಲ್ಲಿನ 'ಪೋಂ ಪೋಂ' ಹಾರ್ನ್ ಸುಮ್ಮನಾದರೆ: ದೋಷ ಹುಡುಕುವುದು ಹೇಗೆ, ಕಾಪಾಡುವುದು ಹೇಗೆ?

ಬೆಳಗಿನ ಬಲಿಪೂಜೆ ಮುಗಿಸಿ ಮನೆಗೆ ಬಂದು ಚಹಾಕ್ಕೆ ನೀರಿಡುವ ಹೊತ್ತಿಗೆ ನಮ್ಮ ಕರಾವಳಿಯ ಓಣಿಗಳಲ್ಲಿ ಒಂದು ಸದ್ದು ಕೇಳಿಸುತ್ತದೆ. "ಪೋಂ... ಪೋಂ..." ಕೂಡಲೇ ಒಬ್ಬೊಬ್ಬರಾಗಿ ಪಾತ್ರೆ ಹಿಡಿದುಕೊಂಡು ಗೇಟಿನ ಬಳಿಗೆ ಬರುತ್ತಾರೆ. "ಬಾಯಮ್ಮ, ಇವತ್ತು ಒಳ್ಳೆ ಬಂಗುಡೆ ಉಂಟು" ಎಂಬ ಮಾತಿನೊಂದಿಗೆ ವ್ಯಾಪಾರ ಶುರುವಾಗುತ್ತದೆ. ಗೋವಾದಲ್ಲಿ ಇದೇ ಸದ್ದು ಬ್ರೆಡ್ ಮಾರುವ 'ಪೊದೆರ್' ಬಂದ ಸೂಚನೆ. ಅಲ್ಲಿ ಬೆಳಿಗ್ಗೆ ಮತ್ತು ಸಂಜೆ, ಬುಟ್ಟಿ ಕಟ್ಟಿದ ಸೈಕಲ್ಲಿನ ಹಾರ್ನ್ ಕೇಳಿದ ಮೇಲೆಯೇ ಎಷ್ಟೋ ಮನೆಗಳಲ್ಲಿ ಚಹಾ ಸುರಿಯುವುದು.

ಈಗ ಮೀನಿನವರಲ್ಲಿ ಅನೇಕರು ಮೊಪೆಡ್, ಸ್ಕೂಟರ್, ರಿಕ್ಷಾಗಳಿಗೆ ಬದಲಾಗಿದ್ದಾರೆ. ಆದರೂ ಕೈಯಲ್ಲಿ ಒತ್ತುವ ರಬ್ಬರ್ ಚೆಂಡಿನ ಆ ಹಾರ್ನನ್ನು ಮಾತ್ರ ಹಲವರು ಬಿಟ್ಟಿಲ್ಲ. ಅದಕ್ಕೆ ಬ್ಯಾಟರಿ ಬೇಡ, ವಯರ್ ಬೇಡ. ಅದು ಆ ವ್ಯಾಪಾರಿಯ ಧ್ವನಿ. ಓಣಿಯ ಕೊನೆಯ ಮನೆಯಲ್ಲಿ ಒಬ್ಬರೇ ಇರುವ ವಯಸ್ಸಾದ ತಾಯಿಗೆ ಆ ಸದ್ದೇ ಮಾರುಕಟ್ಟೆ.

ನಮ್ಮ ಧರ್ಮಕೇಂದ್ರದ ಒಂದು ವಾಳೆಯಲ್ಲಿ ನಡೆದ ಸಂಗತಿಯಿಂದ ಈ ಲೇಖನ ಹುಟ್ಟಿತು. ಮೀನುಗಾರಿಕೆಯ ರಜೆ ಮುಗಿದು ಆಗಸ್ಟ್ ತಿಂಗಳಲ್ಲಿ ಮೀನಿನವರು ಮತ್ತೆ ಬರತೊಡಗಿದ್ದರು. ಆದರೆ ಅವರ ಹಾರ್ನ್ ಒಂದೇ ಸಮನೆ 'ಫುಸ್' ಎನ್ನುತ್ತಿತ್ತು. ಮೂರು ದಿನ ಕೊನೆಯ ಮನೆಯ ಅಜ್ಜಿ ಹೊರಗೆ ಬರಲೇ ಇಲ್ಲ. ನಾಲ್ಕನೆಯ ದಿನ ಸಿಕ್ಕಾಗ, "ಹಾರ್ನ್ ಕೇಳಲಿಲ್ಲ ಮಗಾ, ನೀನು ಬರಲೇ ಇಲ್ಲ ಅಂತ ಎಣಿಸಿದೆ" ಎಂದರು. ಅವರಿಗೆ ಮೀನು ಇಲ್ಲ, ಇವರಿಗೆ ವ್ಯಾಪಾರ ಇಲ್ಲ. ಹಿಂದಿನ ವರ್ಷವೂ ಹೀಗೇ ಆಗಿ ಹಾರ್ನ್ ಬಿಸಾಡಿ ಹೊಸದನ್ನು ಕೊಂಡಿದ್ದರಂತೆ. ಈ ಸಲ ನಾವು ಅದನ್ನು ಬಿಚ್ಚಿ ನೋಡಿದೆವು. ಕಹಳೆಯ ಒಳಗೆ ಕಡಜ ಕಟ್ಟಿದ ಮಣ್ಣಿನ ಗೂಡಿನ ಚೂರುಗಳು, ನಾಲಗೆಯ ಮೇಲೆ ಹಸಿರು ಕಿಲುಬು. ಅರ್ಧ ಗಂಟೆಯ ಕೆಲಸ, ಒಂದು ರೂಪಾಯಿ ಖರ್ಚಿಲ್ಲ. ಹಾರ್ನ್ ಮೊದಲಿನಂತೆ ಕೂಗಿತು.

ಹಾಗಾದರೆ ಹಿಂದಿನ ವರ್ಷ ಬಿಸಾಡಿದ ಹಾರ್ನ್? ಬಹುಶಃ ಅದೂ ಸತ್ತಿರಲಿಲ್ಲ. ನಾವು ಹೇಳಬೇಕೆಂದಿರುವುದೂ ಇಷ್ಟೇ: ಗಾಳಿ ಹಾರ್ನ್ ಕೆಟ್ಟಿತೆಂದರೆ ಅದರ ಉಸಿರಾಟದ ದಾರಿಯಲ್ಲಿ ಎಲ್ಲೋ ತೊಂದರೆಯಾಗಿದೆ ಎಂದರ್ಥ. ಆ ದಾರಿಯನ್ನು ಕ್ರಮವಾಗಿ ನೋಡುತ್ತ ಹೋದರೆ ದೋಷ ತಾನಾಗಿ ಸಿಗುತ್ತದೆ.

ಹಾರ್ನಿನ ಒಳಗೆ ಏನಿದೆ?

ಈ ಹಾರ್ನಿನಲ್ಲಿ ಮುಖ್ಯವಾಗಿ ಮೂರು ಭಾಗಗಳು. ಹಿಂದೆ ರಬ್ಬರ್ ಚೆಂಡು, ನಡುವೆ ನಾಲಗೆ ಅಥವಾ ರೀಡ್, ಮುಂದೆ ಕಹಳೆ.

ಚೆಂಡು ಒಂದು ತಿದಿಯಂತೆ ಕೆಲಸ ಮಾಡುತ್ತದೆ. ಒತ್ತಿದಾಗ ಗಾಳಿಯನ್ನು ಮುಂದೆ ತಳ್ಳುತ್ತದೆ. ನಡುವಿನ ರೀಡ್ ಎಂದರೆ ಸಣ್ಣ ಲೋಹದ ಕೊಳವೆ. ಅದರ ಒಂದು ಬದಿ ತೆರೆದಿರುತ್ತದೆ. ಆ ತೆರೆದ ಕಿಂಡಿಯ ಮೇಲೆ ತೆಳುವಾದ ಹಿತ್ತಾಳೆಯ ಪಟ್ಟಿ ಕುಳಿತಿರುತ್ತದೆ. ಪಟ್ಟಿಯ ಬುಡ ಬಿಗಿಯಾಗಿರುತ್ತದೆ, ತುದಿ ಮಾತ್ರ ಕೂದಲೆಳೆಯಷ್ಟು ಮೇಲಕ್ಕೆ ಎದ್ದಿರುತ್ತದೆ. ಗಾಳಿ ಆ ಸಂದಿನಲ್ಲಿ ನುಗ್ಗುವಾಗ ಪಟ್ಟಿಯನ್ನು ಕಿಂಡಿಗೆ ಒತ್ತುತ್ತದೆ; ಪಟ್ಟಿ ತನ್ನ ಸ್ಪ್ರಿಂಗ್ ಗುಣದಿಂದ ಮತ್ತೆ ಮೇಲೇಳುತ್ತದೆ. ಹೀಗೆ ಸೆಕೆಂಡಿಗೆ ನೂರಾರು ಸಲ ಮುಚ್ಚಿ ತೆರೆಯುವಾಗ ಸ್ವರ ಹುಟ್ಟುತ್ತದೆ. ಕಹಳೆ ಆ ಸ್ವರವನ್ನು ತುಂಬಿಸಿ, ಮುಂದಕ್ಕೆ ಹರಡುತ್ತದೆ.

ನಮ್ಮ ಗಾಯನ ಮಂಡಳಿಯವರಿಗೆ ಇದು ಹೊಸದಲ್ಲ. ಹಾರ್ಮೋನಿಯಂ ಬಿಚ್ಚಿ ನೋಡಿದವರೆಲ್ಲ ರೀಡ್ ಕಂಡಿದ್ದಾರೆ. ಒಂದು ವ್ಯತ್ಯಾಸ ಮಾತ್ರ ಇದೆ. ಹಾರ್ಮೋನಿಯಂನ ನಾಲಗೆ ತನ್ನ ಕಿಂಡಿಯ ಮೂಲಕ ಹಾದು ಆಚೆ ಈಚೆ ತೂಗುತ್ತದೆ. ಹಾರ್ನಿನ ನಾಲಗೆ ಕಿಂಡಿಗಿಂತ ಅಗಲವಾಗಿರುವುದರಿಂದ ಅದರ ಅಂಚಿಗೆ ಬಡಿಯುತ್ತದೆ. ದೊಡ್ಡ ಇಗರ್ಜಿಗಳ ಪೈಪ್ ಆರ್ಗನ್ನಿನಲ್ಲಿ ರೀಡ್ ಕೊಳವೆಗಳು ನುಡಿಯುವುದೂ ಈ ಎರಡನೆಯ ರೀತಿಯಲ್ಲೇ. ಮೀನಿನವರ ಹಾರ್ನ್ ಮತ್ತು ಮಹಾ ದೇವಾಲಯದ ಆರ್ಗನ್ ಒಂದೇ ಕುಲದವು ಎಂದರೆ ತಪ್ಪಲ್ಲ.

ಇನ್ನೊಂದು ವಿಷಯವನ್ನು ಗಮನದಲ್ಲಿಡಬೇಕು. ಚೆಂಡನ್ನು ಬಿಟ್ಟಾಗ ಅದು ಉಬ್ಬಲು ಗಾಳಿ ಎಲ್ಲಿಂದ ಬರುತ್ತದೆ? ಸಾಮಾನ್ಯ ಹಾರ್ನುಗಳಲ್ಲಿ ಅದಕ್ಕೆ ಬೇರೆ ದಾರಿ ಇಲ್ಲ. ಕಹಳೆಯ ಬಾಯಿಂದಲೇ, ನಾಲಗೆಯನ್ನು ದಾಟಿಯೇ ಗಾಳಿ ಒಳಗೆ ಬರುತ್ತದೆ. ಅಂದರೆ ಪ್ರತಿ ಸಲ ಕೂಗಿದ ನಂತರ ಹಾರ್ನ್ ಒಮ್ಮೆ ಉಸಿರು ಎಳೆದುಕೊಳ್ಳುತ್ತದೆ. ರಸ್ತೆಯ ಧೂಳು, ಮಳೆಹನಿ, ಕಡಲಿನ ಉಪ್ಪು, ಎಲ್ಲವೂ ಆ ಉಸಿರಿನೊಂದಿಗೆ ನೇರವಾಗಿ ನಾಲಗೆಯ ಮೇಲೆ ಬೀಳುತ್ತವೆ. ಹಾರ್ನ್ ಕೆಡುವುದು ಅದು ಕೂಗಿದ್ದರಿಂದಲ್ಲ, ಉಸಿರೆಳೆದದ್ದರಿಂದ.

ಕರಾವಳಿಯಲ್ಲಿ ಬೇಗ ಕೆಡುವುದೇಕೆ?

ಒಂದನೆಯದು ಉಪ್ಪು. ಕಡಲ ಗಾಳಿಯಲ್ಲಿರುವ ಉಪ್ಪಿನ ಕಣ ತೇವವನ್ನು ಹೀರಿ ಹಿಡಿದುಕೊಳ್ಳುತ್ತದೆ. ಹಿತ್ತಾಳೆಯ ಮೇಲೆ ಕಿಲುಬು, ಕಬ್ಬಿಣದ ಬೋಲ್ಟಿಗೆ ತುಕ್ಕು ಬೇಗ ಬರುತ್ತದೆ. ಮೀನಿನ ಬುಟ್ಟಿಯಿಂದ ಸೋರುವ ಮಂಜುಗಡ್ಡೆಯ ನೀರೂ ಉಪ್ಪೇ.

ಎರಡನೆಯದು ಮಳೆ. ಮಂಗಳೂರಿನಲ್ಲಿ ವರ್ಷಕ್ಕೆ ಸಾಮಾನ್ಯವಾಗಿ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಕಹಳೆಯ ಬಾಯಿ ಆಕಾಶ ನೋಡುವಂತೆ ಕಟ್ಟಿದ್ದರೆ ಅದು ಮಳೆನೀರು ಹಿಡಿಯುವ ಲಾಳಿಕೆ ಆಗುತ್ತದೆ.

ಮೂರನೆಯದು ರಜೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ ಇರುತ್ತದೆ. ಆಗ ಅನೇಕರ ಸೈಕಲ್ ಮೂಲೆ ಸೇರುತ್ತದೆ. ವರ್ಷದ ಅತಿ ತೇವದ ಎರಡು ತಿಂಗಳು ಹಾರ್ನ್ ಅಲುಗಾಡದೆ ಇರುತ್ತದೆ. ಬಳಕೆಯಲ್ಲಿದ್ದರೆ ನಾಲಗೆ ಬಡಿದು ಬಡಿದು ತಾನೇ ಸ್ವಲ್ಪ ಶುಚಿಯಾಗುತ್ತದೆ. ಸುಮ್ಮನಿದ್ದರೆ ಕಿಲುಬು ಅದನ್ನು ಕಿಂಡಿಗೆ ಅಂಟಿಸಿಬಿಡುತ್ತದೆ. ನಿಶ್ಶಬ್ದವಾದ ಕಹಳೆ ಕಡಜಕ್ಕೂ ಗೂಡು ಕಟ್ಟಲು ಒಳ್ಳೆಯ ಜಾಗ.

ನಾಲ್ಕನೆಯದು ಬಿಸಿಲು ಮತ್ತು ಎಣ್ಣೆ. ಬಿಸಿಲು ಹಾಗೂ ಗಾಳಿಯಲ್ಲಿನ ಓಝೋನ್ ತಾಗಿ ರಬ್ಬರ್ ಒಣಗುತ್ತದೆ, ಮಡಿಚುವ ಜಾಗದಲ್ಲಿ ಸೀಳುತ್ತದೆ. ಸೀಮೆಎಣ್ಣೆ, ಪೆಟ್ರೋಲ್, ಗ್ರೀಸ್ ತಾಗಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ನಮ್ಮಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆ ಹಚ್ಚುವ ಅಭ್ಯಾಸ ಉಂಟು. ಚೆಂಡು ಮಿರುಗಲೆಂದು ಅದಕ್ಕೂ ಹಚ್ಚುವವರಿದ್ದಾರೆ. ದಯವಿಟ್ಟು ಹಚ್ಚಬೇಡಿ, ಅದೂ ರಬ್ಬರಿಗೆ ಒಳ್ಳೆಯದಲ್ಲ.

ಐದನೆಯದು ಹೆಚ್ಚಿನವರಿಗೆ ತಿಳಿಯದ್ದು. ಹಟ್ಟಿಯ ಪಕ್ಕ ಸೈಕಲ್ ನಿಲ್ಲಿಸುವುದು. ದನದ ಗಂಜಲದಿಂದ ಏಳುವ ಅಮೋನಿಯ ಹಿತ್ತಾಳೆಗೆ ಶತ್ರು. ಬ್ರಿಟಿಷರ ಕಾಲದಲ್ಲಿ ಭಾರತದ ಸೇನೆಯಲ್ಲಿ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಿದ್ದ ಹಿತ್ತಾಳೆಯ ತೋಟಾಗಳು ತಾವಾಗಿಯೇ ಬಿರುಕು ಬಿಡುತ್ತಿದ್ದವು. ಲಾಯದ ಅಮೋನಿಯವೂ ಲೋಹದೊಳಗೆ ಉಳಿದ ಬಿಗಿತವೂ ಸೇರಿ ಹೀಗಾಗುತ್ತದೆ ಎಂದು 1921ರಲ್ಲಿ ವಿವರಿಸಲಾಯಿತು. ಹಾರ್ನಿನ ನಾಲಗೆಯೂ ಬಾಗಿಸಿ ಬಿಗಿದ ತೆಳು ಹಿತ್ತಾಳೆಯೇ. ಆದ್ದರಿಂದ ಹಟ್ಟಿಯಿಂದ ದೂರವಿರುವುದು ಕ್ಷೇಮ.

ದೋಷ ಹುಡುಕುವ ಕ್ರಮ

ವೈದ್ಯರು ಮೊದಲು ನಾಡಿ ನೋಡಿ, ಮತ್ತೆ ಎದೆಗೆ ಕಿವಿಕೊಡುವಂತೆ ಇಲ್ಲಿಯೂ ಒಂದು ಕ್ರಮವಿದೆ. ಬಿಚ್ಚುವ ಮೊದಲು ಒತ್ತಿ ಕೇಳಿ. ಹಾರ್ನ್ ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ.

1. ಒತ್ತಿದರೆ ಚೆಂಡು ಗಟ್ಟಿಯಾಗಿಯೇ ಇದೆ, ಗಾಳಿಯೇ ಹೋಗುವುದಿಲ್ಲ. ಆಗ ದಾರಿ ಮುಚ್ಚಿದೆ. ಕಹಳೆಯೊಳಗೆ ಮಣ್ಣು, ಗೂಡು, ಎಲೆ ಸಿಕ್ಕಿಕೊಂಡಿರಬಹುದು, ಇಲ್ಲವೇ ನಾಲಗೆ ಕಿಂಡಿಗೆ ಅಂಟಿರಬಹುದು. ಟಾರ್ಚ್ ಹಿಡಿದು ಕಹಳೆಯ ಒಳಗೆ ನೋಡಿ. ಅಲ್ಲಿ ಏನೂ ಇಲ್ಲದಿದ್ದರೆ ದೋಷ ನಾಲಗೆಯದು.

2. ಗಾಳಿ 'ಫುಸ್' ಎಂದು ಕಹಳೆಯ ಬಾಯಿಂದ ಬರುತ್ತದೆ, ಸ್ವರ ಇಲ್ಲ. ಆಗ ದಾರಿ ತೆರೆದಿದೆ, ನಾಲಗೆ ಬಡಿಯುತ್ತಿಲ್ಲ. ಮರಳಿನ ಕಣ ನಾಲಗೆಯ ಅಡಿಯಲ್ಲಿ ಸಿಕ್ಕಿಕೊಂಡಿದೆ, ನಾಲಗೆ ಮೇಲಕ್ಕೆ ಬಾಗಿದೆ, ಅಥವಾ ತುಂಡಾಗಿದೆ.

3. ಗಾಳಿ 'ಫುಸ್' ಎನ್ನುತ್ತದೆ, ಆದರೆ ಕಹಳೆಯ ಬಾಯಿಗೆ ಕೈ ಹಿಡಿದರೆ ಗಾಳಿ ತಾಗುವುದಿಲ್ಲ. ಆಗ ಸೋರಿಕೆ ಹಿಂದೆ ಇದೆ. ಚೆಂಡು ಸೀಳಿದೆ, ಇಲ್ಲವೇ ಚೆಂಡಿನ ಕತ್ತು ಲೋಹಕ್ಕೆ ಕೂಡುವಲ್ಲಿ ಸಡಿಲವಾಗಿದೆ.

4. ಒಮ್ಮೆ ಕೂಗಿದ ಮೇಲೆ ಚೆಂಡು ಚಪ್ಪಟೆಯಾಗಿಯೇ ಉಳಿಯುತ್ತದೆ. ಚೆಂಡನ್ನು ಹಾರ್ನಿನಿಂದ ತೆಗೆದು, ಬರಿ ಚೆಂಡನ್ನು ಒತ್ತಿ ಬಿಡಿ. ಆಗ ತಟ್ಟನೆ ಉಬ್ಬಿದರೆ ಚೆಂಡು ಸರಿ ಇದೆ, ಒಳಗೆ ಬರುವ ಗಾಳಿಗೆ ಅಡ್ಡಿಯಾಗಿದೆ. ಆಗಲೂ ಉಬ್ಬದಿದ್ದರೆ ರಬ್ಬರ್ ಸತ್ವ ಕಳೆದುಕೊಂಡಿದೆ, ಬದಲಾಯಿಸಬೇಕು.

5. ಸ್ವರ ಕ್ಷೀಣವಾಗಿದೆ, ಕರ್ಕಶವಾಗಿದೆ ಅಥವಾ ಮೊದಲಿಗಿಂತ ತಗ್ಗಿದೆ. ನಾಲಗೆಯ ತುದಿಗೆ ಕೊಳೆ ಕಟ್ಟಿರುವ ಲಕ್ಷಣ. ತುದಿ ಭಾರವಾದರೆ ನಾಲಗೆ ನಿಧಾನವಾಗಿ ಅಲುಗುತ್ತದೆ, ಸ್ವರ ಇಳಿಯುತ್ತದೆ. ಹಾರ್ಮೋನಿಯಂ ಶ್ರುತಿ ಮಾಡುವವರು ಸ್ವರ ಏರಿಸಲು ರೀಡಿನ ತುದಿಯನ್ನು ಸ್ವಲ್ಪ ಕೆರೆಯುವುದು ಈ ಕಾರಣಕ್ಕೇ.

6. ಸ್ವರದ ಜೊತೆ 'ಟರ್‍ರ್' ಎಂಬ ಗಡಗಡ ಸದ್ದು. ನಾಲಗೆಯ ದೋಷವಲ್ಲ. ಕಹಳೆಯ ತಿರುಪು ಅಥವಾ ಹ್ಯಾಂಡಲಿಗೆ ಹಿಡಿದ ಕ್ಲಾಂಪ್ ಸಡಿಲವಾಗಿದೆ. ಸ್ಪ್ಯಾನರ್ ಹಿಡಿದು ಬಿಗಿ ಮಾಡಿದರೆ ಮುಗಿಯಿತು.

7. ನಿಧಾನವಾಗಿ ಒತ್ತಿದರೆ ಕೂಗುತ್ತದೆ, ಜೋರಾಗಿ ಒತ್ತಿದರೆ ಕಟ್ಟಿಹೋಗುತ್ತದೆ. ನಾಲಗೆಯ ಸಂದು ತೀರಾ ಕಿರಿದಾಗಿದೆ. ಗಾಳಿಯ ಒತ್ತಡಕ್ಕೆ ನಾಲಗೆ ಕಿಂಡಿಗೆ ಒತ್ತಿಕೊಂಡು ಮೇಲೇಳಲಾಗದೆ ಉಳಿಯುತ್ತದೆ.

ಸಂಶಯ ಪರಿಹರಿಸಲು ಎರಡು ಪರೀಕ್ಷೆಗಳು ಸಾಕು. ಮೊದಲನೆಯದು ಬಕೆಟ್ ಪರೀಕ್ಷೆ. ಚೆಂಡನ್ನು ತೆಗೆದು, ಅದರ ಕತ್ತನ್ನು ಹೆಬ್ಬೆರಳಿನಿಂದ ಮುಚ್ಚಿ, ನೀರಿನಲ್ಲಿ ಮುಳುಗಿಸಿ ಒತ್ತಿ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ನೋಡುವಂತೆಯೇ. ಗುಳ್ಳೆ ಬಂದ ಕಡೆ ತೂತು. ಎರಡನೆಯದು ಬಾಯಿಯ ಪರೀಕ್ಷೆ. ರೀಡನ್ನು ಹೊರತೆಗೆದು, ಸಾಬೂನಿನಲ್ಲಿ ಚೆನ್ನಾಗಿ ತೊಳೆದು, ಚೆಂಡು ಕೂಡುವ ಬದಿಯಿಂದ ಬಾಯಲ್ಲಿ ಊದಿ. ಸ್ವರ ಬಂದರೆ ರೀಡ್ ಸರಿ, ದೋಷ ಚೆಂಡಿನದು ಅಥವಾ ಜೋಡಣೆಯದು. ಬರದಿದ್ದರೆ ದೋಷ ರೀಡಿನದೇ. ಕಿಲುಬು ಹಿಡಿದ ರೀಡನ್ನು ತೊಳೆಯದೆ ಬಾಯಿಗಿಡಬೇಡಿ, ಮಕ್ಕಳಿಗೂ ಕೊಡಬೇಡಿ.

ಸರಿಪಡಿಸುವುದು ಹೇಗೆ?

ಚೆಂಡನ್ನು ಕೆಲವು ಹಾರ್ನುಗಳಲ್ಲಿ ಎಳೆದರೆ ಬರುತ್ತದೆ, ಕೆಲವದರಲ್ಲಿ ತಿರುಗಿಸಿ ಬಿಚ್ಚಬೇಕು. ಬಾರದಿದ್ದರೆ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ರಬ್ಬರ್ ಮೆದುವಾಗುತ್ತದೆ. ಸ್ಕ್ರೂಡ್ರೈವರ್ ತುರುಕಿ ಎಬ್ಬಿಸಿದರೆ ಕತ್ತು ಹರಿಯುತ್ತದೆ.

ರೀಡನ್ನು ಬೆಚ್ಚಗಿನ ಸಾಬೂನು ನೀರಿನಲ್ಲಿ ಅದ್ದಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಬುಡದಿಂದ ತುದಿಯ ಕಡೆಗೆ ಮೆಲ್ಲಗೆ ಉಜ್ಜಿ. ತುದಿಯಿಂದ ಬುಡದ ಕಡೆಗೆ ಉಜ್ಜಿದರೆ ಬ್ರಷ್‌ನ ಎಳೆ ಸಿಕ್ಕಿ ನಾಲಗೆ ಬಾಗುತ್ತದೆ. ಅಡಿಯಲ್ಲಿ ಕಣ ಸಿಕ್ಕಿದ್ದರೆ ನಯವಾದ ಕಾಗದದ ಚೂರನ್ನು ಸಂದಿನಲ್ಲಿ ತೂರಿಸಿ, ನಾಲಗೆಯನ್ನು ಲಘುವಾಗಿ ಅದುಮಿ, ಕಾಗದವನ್ನು ಹೊರಗೆಳೆಯಿರಿ. ಒಂದೆರಡು ಸಲ ಮಾಡಿದರೆ ಕಣ ಕಾಗದದೊಂದಿಗೆ ಬರುತ್ತದೆ. ಸ್ಯಾಂಡ್ ಪೇಪರ್ ಬೇಡ, ಬ್ಲೇಡ್ ಬೇಡ.

ಕಿಲುಬು ಹೆಚ್ಚಿದ್ದರೆ ನಮ್ಮ ಅಜ್ಜಿಯಂದಿರು ಹಿತ್ತಾಳೆ ಪಾತ್ರೆಗೆ ಹಚ್ಚುತ್ತಿದ್ದ ಹುಣಸೆಹುಳಿ ಅಥವಾ ಲಿಂಬೆರಸ ಸಾಕು. ಬಟ್ಟೆಯ ತುದಿಯಲ್ಲಿ ತೆಗೆದುಕೊಂಡು ಒರೆಸಿ, ಕೂಡಲೇ ಸಿಹಿನೀರಿನಲ್ಲಿ ತೊಳೆಯಬೇಕು. ರಾತ್ರಿಯಿಡೀ ನೆನೆಹಾಕಿದರೆ ಹುಳಿ ತೆಳು ನಾಲಗೆಯನ್ನೇ ತಿನ್ನುತ್ತದೆ. ತೊಳೆದ ರೀಡನ್ನು ನೆರಳಿನಲ್ಲಿ ಪೂರ್ತಿ ಒಣಗಿಸಿ. ಎಣ್ಣೆ ಹಾಕಬಾರದು. ಎಣ್ಣೆ ಧೂಳನ್ನು ಹಿಡಿದು ಅಂಟು ಮಾಡುತ್ತದೆ.

ನಾಲಗೆಯ ಸಂದು ಸರಿಯಿದೆಯೇ ಎಂದು ನೋಡಲು ರೀಡನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಬುಡದಲ್ಲಿ ಬೆಳಕು ಕಾಣಬಾರದು, ತುದಿಯಲ್ಲಿ ಸಣ್ಣ ಗೆರೆಯಂತೆ ಕಾಣಬೇಕು. ಕಾಣದಿದ್ದರೆ ಕಾಗದದ ಚೂರನ್ನು ತೂರಿಸಿ ತುದಿಯನ್ನು ಎಷ್ಟೋ ಮೆಲ್ಲಗೆ ಮೇಲಕ್ಕೆತ್ತಿ. ಹೆಚ್ಚು ತೆರೆದಿದ್ದರೆ ಬೆರಳ ತುದಿಯಿಂದ ಅದುಮಿ. ಪ್ರತಿ ಸಲವೂ ಊದಿ ನೋಡಿ, ಮತ್ತೆ ಕೈ ಹಾಕಿ. ಒಂದೇ ಸಲ ಸರಿಮಾಡಲು ಹೊರಟರೆ ನಾಲಗೆ ಮಡಿಚುತ್ತದೆ. ಮಡಿಚಿದ ಗೆರೆಯಲ್ಲೇ ಮುಂದೆ ತುಂಡಾಗುತ್ತದೆ.

ತುಂಡಾದ ನಾಲಗೆಗೆ ಬೆಸುಗೆ ಹಾಕಿ ಪ್ರಯೋಜನವಿಲ್ಲ. ಬೆಸುಗೆಯ ಭಾರ ಮತ್ತು ಬಿಸಿ ಎರಡೂ ಅದರ ಸ್ಪ್ರಿಂಗ್ ಗುಣವನ್ನು ಕೆಡಿಸುತ್ತವೆ. ಹಳೆಯ ಹಾರ್ನುಗಳಿಂದ ರೀಡ್ ತೆಗೆದಿಟ್ಟುಕೊಂಡ ಸೈಕಲ್ ಶಾಪ್‌ನವರನ್ನು ಕೇಳಿ ನೋಡಬಹುದು. ಅದಕ್ಕಾಗಿಯೇ ಹೇಳುವುದು, ಚೆಂಡು ಹರಿದ ಹಾರ್ನನ್ನು ಬಿಸಾಡಬೇಡಿ. ಅದರ ರೀಡ್ ಇನ್ನೊಬ್ಬರ ಹಾರ್ನಿಗೆ ಜೀವ ಕೊಡಬಹುದು.

ಚೆಂಡಿನ ಸಣ್ಣ ತೂತಿಗೆ ಟ್ಯೂಬಿನ ಪ್ಯಾಚ್ ಮತ್ತು ಸೊಲ್ಯೂಷನ್ ಹಿಡಿಯುತ್ತದೆ, ಆದರೆ ಅದು ನಿಜವಾದ ರಬ್ಬರ್ ಆಗಿರಬೇಕು. ಪ್ಲಾಸ್ಟಿಕ್ ಜಾತಿಯ ಪಿ.ವಿ.ಸಿ. ಚೆಂಡುಗಳಿಗೆ ಆ ಪ್ಯಾಚ್ ನಿಲ್ಲುವುದಿಲ್ಲ. ಮೈತುಂಬ ಸಣ್ಣ ಸೀಳುಗಳಿದ್ದರೆ ಪ್ಯಾಚ್ ಹಾಕಿ ಸಮಯ ಕಳೆಯದೆ ಹೊಸ ಚೆಂಡು ಹಾಕುವುದೇ ಲೇಸು. ಕತ್ತು ಸಡಿಲವಾಗಿದ್ದರೆ ಹಳೆಯ ಟ್ಯೂಬಿನಿಂದ ಬಳೆಯಂತೆ ಒಂದು ಪಟ್ಟಿ ಕತ್ತರಿಸಿ ಮೇಲಿಂದ ಹಾಕಿ, ಬಿಗಿಯಾಗುತ್ತದೆ.

ಪಂಪ್ ಹೊಡೆದು ತುಂಬಿಸುವ ಹಾರ್ನ್

ವಿದೇಶದಲ್ಲಿರುವ ನಮ್ಮವರು ರಜೆಯಲ್ಲಿ ಬರುವಾಗ ಮಕ್ಕಳಿಗೆ ತರುವ ಇನ್ನೊಂದು ಬಗೆಯ ಗಾಳಿ ಹಾರ್ನ್ ಉಂಟು. ಅದರಲ್ಲಿ ಒಂದು ಪ್ಲಾಸ್ಟಿಕ್ ಬಾಟಲಿ, ಸಣ್ಣ ಪೈಪ್, ಹ್ಯಾಂಡಲಿನ ಮೇಲೆ ಗುಂಡಿ ಇರುವ ಹಾರ್ನ್. ಬಾಟಲಿಗೆ ಪಂಪಿನಿಂದ ಗಾಳಿ ತುಂಬಿ, ಗುಂಡಿ ಒತ್ತಿದರೆ ಕಿವಿ ಗಡಚಿಕ್ಕುವಂತೆ ಕೂಗುತ್ತದೆ. ಏರ್‌ಝೌಂಡ್ ಎಂಬುದು ಇವುಗಳಲ್ಲಿ ಹೆಸರಾದದ್ದು, ಅದರ ಸದ್ದು 115 ಡೆಸಿಬಲ್ ಎಂದು ತಯಾರಕರು ಹೇಳುತ್ತಾರೆ. ಇದರಲ್ಲಿ ಹಿತ್ತಾಳೆ ನಾಲಗೆಯ ಬದಲು ತೆಳುವಾದ ಪರದೆಯೊಂದು ಅದುರಿ ಸದ್ದು ಮಾಡುತ್ತದೆ.

ಇದರ ಸಾಮಾನ್ಯ ದೂರು, "ರಾತ್ರಿ ತುಂಬಿಸಿಟ್ಟರೆ ಬೆಳಿಗ್ಗೆ ಖಾಲಿ". ಹಾಗಾದರೆ ಸೋರಿಕೆ ಇದೆ. ಸಾಬೂನಿನ ನೊರೆಯನ್ನು ಪೈಪಿನ ಎರಡು ತುದಿಗೆ, ಗಾಳಿ ತುಂಬುವ ವಾಲ್ವಿಗೆ, ಬಾಟಲಿಯ ಮುಚ್ಚಳಕ್ಕೆ ಹಚ್ಚಿ ನೋಡಿ. ಗುಳ್ಳೆ ಏಳುವಲ್ಲಿ ಸೋರುತ್ತದೆ. ಪೈಪಿನ ತುದಿ ಸಡಿಲವಾಗಿದ್ದರೆ ಕೆಲವು ಮಿಲಿಮೀಟರ್ ನೇರವಾಗಿ ಕತ್ತರಿಸಿ ಮತ್ತೆ ಒಳಗೆ ತಳ್ಳಿದರೆ ಸಾಕಾಗಬಹುದು. ಗಾಳಿ ನಿಲ್ಲುತ್ತದೆ, ಗುಂಡಿ ಒತ್ತಿದರೆ ಸ್ವರ ಮಾತ್ರ ಬರುವುದಿಲ್ಲ ಎಂದಾದರೆ ಪರದೆಯಲ್ಲಿ ನೀರು ಅಥವಾ ಧೂಳು ಸೇರಿದೆ.

ಇಲ್ಲಿ ಮೂರು ಎಚ್ಚರಿಕೆಗಳನ್ನು ಹೇಳಲೇಬೇಕು. ಬಿಚ್ಚುವ ಮೊದಲು ಗುಂಡಿ ಒತ್ತಿ ಬಾಟಲಿಯ ಗಾಳಿಯನ್ನೆಲ್ಲ ಬಿಡಬೇಕು. ಎರಡನೆಯದು, ಇಂಥ ಬಾಟಲಿಯ ವಾಲ್ವ್ ಸಾಮಾನ್ಯವಾಗಿ ಸ್ಕೂಟರ್, ಕಾರುಗಳಲ್ಲಿರುವಂಥದು. ನಮ್ಮ ಹಳೆಯ ಸೈಕಲ್ ಪಂಪ್ ಅದಕ್ಕೆ ನೇರವಾಗಿ ಕೂಡದ ಕಾರಣ ಮಕ್ಕಳು ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬಳಿ ಹೋಗುತ್ತಾರೆ. ಕಂಪ್ರೆಸರ್ ಕ್ಷಣದಲ್ಲಿ ಮಿತಿಮೀರಿ ತುಂಬಿಸಬಲ್ಲದು. ಬಾಟಲಿಯ ಮೇಲೆ ಬರೆದಿರುವ ಒತ್ತಡವನ್ನು ಮೀರಿದರೆ ಅದು ಒಡೆಯಬಹುದು. ಒತ್ತಡ ತೋರಿಸುವ ಕೈಪಂಪನ್ನೇ ಬಳಸಿ. ಮೂರನೆಯದು, ತುಂಬಿದ ಬಾಟಲಿಯನ್ನು ಬಿಸಿಲಿನಲ್ಲಿ ಬಿಡಬೇಡಿ, ಯಾರ ಕಿವಿಯ ಬಳಿಯೂ ಹಾರ್ನ್ ಒತ್ತಬೇಡಿ. ತಮಾಷೆಗೆಂದು ಮಾಡಿದ್ದು ಕೇಳುವ ಶಕ್ತಿಗೆ ಕುಂದು ತರಬಹುದು.

ಕೆಡದಂತೆ ಕಾಪಾಡುವುದು

ಕಟ್ಟುವಾಗ: ಕಹಳೆಯ ಬಾಯಿ ಮುಂದಕ್ಕೆ, ಸ್ವಲ್ಪ ಕೆಳಮುಖವಾಗಿರಲಿ. ಒಳಗೆ ಹೋದ ನೀರು ತಾನಾಗಿ ಇಳಿದುಹೋಗುತ್ತದೆ. ಮೀನಿನ ಬುಟ್ಟಿಯ ನೀರು ಚಿಮ್ಮದ ಜಾಗ ಆರಿಸಿ.

ಪ್ರತಿದಿನ: ವ್ಯಾಪಾರ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಚೆಂಡು ಮತ್ತು ಕಹಳೆಯನ್ನು ಒರೆಸಿ. ಮೀನಿನೆಣ್ಣೆಯ ಕೈಯಲ್ಲಿ ಒತ್ತಿದ್ದರೆ ಚೆಂಡಿಗೆ ಸ್ವಲ್ಪ ಸಾಬೂನು ಹಚ್ಚಿ ತೊಳೆಯಿರಿ. ಮಳೆಯಲ್ಲಿ ಕಹಳೆಯ ಬಾಯಿಗೆ ಒಂದು ಪ್ಲಾಸ್ಟಿಕ್ ಚೀಲ ಹಾಕಿದರೆ ನೀರೂ ಇಲ್ಲ, ಕಡಜವೂ ಇಲ್ಲ. ಹಾರ್ನ್ ಒತ್ತುವ ಮುನ್ನ ತೆಗೆಯಲು ಮರೆಯಬೇಡಿ.

ಒತ್ತುವಾಗ: ಒಂದೇ ಹಿಡಿತ, ಗಟ್ಟಿಯಾಗಿ, ಚುಟುಕಾಗಿ. ಮುಷ್ಟಿಯಿಂದ ಗುದ್ದಿದರೆ ಸದ್ದು ಹೆಚ್ಚುವುದಿಲ್ಲ, ನಾಲಗೆ ಮಾತ್ರ ದಣಿಯುತ್ತದೆ.

ತಿಂಗಳಿಗೊಮ್ಮೆ: ರೀಡ್ ತೆಗೆದು ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಬೋಲ್ಟುಗಳನ್ನು ಬಿಗಿ ಮಾಡಿ.

ಮಳೆಗಾಲದ ರಜೆಯಲ್ಲಿ: ಹಾರ್ನನ್ನು ಸೈಕಲ್ಲಿನಿಂದ ಬಿಚ್ಚಿ, ತೊಳೆದು, ಪೂರ್ತಿ ಒಣಗಿಸಿ, ಚೆಂಡಿಗೆ ಸ್ವಲ್ಪ ಪೌಡರ್ ಸವರಿ, ಚೆಂಡು ಮಡಿಚದಂತೆ ಡಬ್ಬಿಯಲ್ಲಿಡಿ. ವಾರಕ್ಕೊಮ್ಮೆ ತೆಗೆದು ನಾಲ್ಕು ಸಲ ಒತ್ತಿ. ಒಲೆಯ ಹತ್ತಿರ, ಹಟ್ಟಿಯ ಹತ್ತಿರ, ಸೀಮೆಎಣ್ಣೆ ಡಬ್ಬಿಯ ಪಕ್ಕ ಇಡಬೇಡಿ.

ಎಲ್ಲಿ ಒತ್ತಬೇಕು, ಎಲ್ಲಿ ಒತ್ತಬಾರದು

ಸರಿಯಾದ ಹಾರ್ನ್ ಇದ್ದ ಮಾತ್ರಕ್ಕೆ ಎಲ್ಲೆಡೆ ಒತ್ತಬೇಕೆಂದಿಲ್ಲ. ಕೇಂದ್ರ ಸರಕಾರದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. 2010ರ ತಿದ್ದುಪಡಿಯ ಪ್ರಕಾರ ಇಂಥ ವಲಯದಲ್ಲಿ, ಹಾಗೂ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ, ತುರ್ತು ಸಂದರ್ಭ ಬಿಟ್ಟು ಹಾರ್ನ್ ಹಾಕುವಂತಿಲ್ಲ. ಬಲಿಪೂಜೆಯ ಹೊತ್ತು ಇಗರ್ಜಿಯ ಮುಂದೆ ಸುಮ್ಮನೆ ಹಾದುಹೋಗುವ ಮೀನಿನವರನ್ನು ನಾವು ಕಂಡಿದ್ದೇವೆ. ಅವರು ಬೇರೆ ಧರ್ಮದವರಾಗಿದ್ದರೂ ತೋರಿಸುವ ಈ ಗೌರವ ದೊಡ್ಡದು.

ಹಾಗೆಯೇ ಮಕ್ಕಳಿಗೆ ಒಂದು ಮಾತು. ಹಾರ್ನ್ ಬ್ರೇಕ್ ಅಲ್ಲ. ಧರ್ಮೋಪದೇಶಕ್ಕೆ ತಡವಾಯಿತೆಂದು ಇಳಿಜಾರಿನಲ್ಲಿ ಹಾರ್ನ್ ಒತ್ತುತ್ತ ಧಾವಿಸುವವರು ಮೊದಲು ಬ್ರೇಕ್ ಕಟ್ಟೆ ನೋಡಿಕೊಳ್ಳಲಿ. ಕಿವಿ ಮಂದವಾದ ಹಿರಿಯರಿಗೆ ಹಾರ್ನ್ ಕೇಳಿಸದಿರಲೂಬಹುದು.

ಧರ್ಮಕೇಂದ್ರಗಳು ಏನು ಮಾಡಬಹುದು?

ನಮ್ಮ ಸಲಹೆ ಸರಳ. ಮೇ 1, ಕಾರ್ಮಿಕರಾದ ಸಂತ ಜೋಸೆಫರ ಹಬ್ಬ. 1955ರಲ್ಲಿ ಹನ್ನೆರಡನೇ ಪಿಯೂಸ್ ಜಗದ್ಗುರುಗಳು ಇದನ್ನು ಸ್ಥಾಪಿಸಿದರು. ಮೀನುಗಾರಿಕೆಯ ರಜೆಗೆ ಸರಿಯಾಗಿ ಒಂದು ತಿಂಗಳು ಮೊದಲು ಬರುವ ಈ ಹಬ್ಬದಂದು ಯುವಜನರು ಚರ್ಚ್ ಅಂಗಳದಲ್ಲಿ ಒಂದು ಮೇಜು ಹಾಕಿ, ಬಕೆಟ್ ನೀರು, ಸಾಬೂನು, ಒಂದೆರಡು ಸ್ಪ್ಯಾನರ್, ಪ್ಯಾಚ್ ಇಟ್ಟುಕೊಂಡರೆ ಸಾಕು. ಊರಿನ ಮೀನಿನವರು, ಬ್ರೆಡ್‌ನವರು, ಶಾಲೆಯ ಮಕ್ಕಳು ಜಾತಿ ಮತ ಭೇದವಿಲ್ಲದೆ ತಮ್ಮ ಸೈಕಲ್ ತರಲಿ. ಹಾರ್ನ್ ಜೊತೆಗೆ ಬ್ರೇಕ್, ಚೈನ್ ಕೂಡ ನೋಡಿಕೊಡಬಹುದು. ಗುರಿಕಾರರು ತಮ್ಮ ವಾಳೆಯಲ್ಲಿ ಮುಂಚಿತವಾಗಿ ತಿಳಿಸಲಿ. ಹಾರ್ಮೋನಿಯಂ ರಿಪೇರಿ ಬಲ್ಲ ಹಿರಿಯರಿದ್ದರೆ ಅವರನ್ನು ಕರೆದು ಕೂರಿಸಿ, ಯುವಕರಿಗೆ ರೀಡಿನ ಪಾಠ ಅವರಿಂದಲೇ ಆಗಲಿ.

ದಿವಂಗತ ಪೋಪ್ ಫ್ರಾನ್ಸಿಸ್ ಅವರು 2015ರ 'ಲೌದಾತೋ ಸಿ' ಪರಿಪತ್ರದಲ್ಲಿ, ವಸ್ತುವನ್ನು ಕೂಡಲೇ ಬಿಸಾಡದೆ ಮತ್ತೆ ಬಳಸುವುದು ಪ್ರೀತಿಯ ಕಾರ್ಯವಾಗಬಲ್ಲದು ಎಂಬ ಅರ್ಥದ ಮಾತು ಹೇಳಿದ್ದಾರೆ. ಅದನ್ನು ಪಾಲಿಸಲು ದೊಡ್ಡ ಯೋಜನೆ ಬೇಕಿಲ್ಲ. ಒಂದು ಹಾರ್ನಿನ ನಾಲಗೆ ತೊಳೆದುಕೊಟ್ಟರೂ ಆಯಿತು.

ಮುಂದಿನ ಸಲ ನಿಮ್ಮ ಓಣಿಯಲ್ಲಿ 'ಪೋಂ ಪೋಂ' ಬದಲು 'ಫುಸ್' ಎಂಬ ಸದ್ದು ಕೇಳಿದರೆ ನಕ್ಕು ಸುಮ್ಮನಾಗಬೇಡಿ. ಮೀನಿನವರನ್ನು ಐದು ನಿಮಿಷ ನಿಲ್ಲಿಸಿ, ಒಂದು ಬಕೆಟ್ ನೀರು ಕೊಡಿ. ನಿಮ್ಮ ಓಣಿಯ ಕೊನೆಯ ಮನೆಯಲ್ಲೂ ಪಾತ್ರೆ ಹಿಡಿದು ಕಾಯುವವರು ಯಾರೋ ಇರುತ್ತಾರೆ.